ಎಒಡಿವಿಗೆ ನ್ಯೂರೋ-ಫಜಿ ಸೇರಿಸುವುದು ಹೇಗೆ: ಶುರುವಿಂದ ಟೆಸ್ಟಿಂಗ್‌ವರೆಗೆ

ಫೈನಲ್ ಇಯರ್ ಪ್ರಾಜೆಕ್ಟ್‌ಗೆ "ಮ್ಯಾನೆಟ್‌ನಲ್ಲಿ ನ್ಯೂರೋ-ಫಜಿ ರೂಟಿಂಗ್" ಅಂತ ಟೈಟಲ್ ಕೊಟ್ಟುಬಿಟ್ಟು, ಆಮೇಲೆ ಎಲ್ಲಿಂದ ಶುರು ಮಾಡೋದು ಅಂತ ತಲೆ ಕೆರೆದುಕೊಳ್ಳುವವರು ಪ್ರತಿ ವರ್ಷ ಸಿಗುತ್ತಾರೆ. ಒಂದು ಕಾಲದಲ್ಲಿ ನಾನೂ ಅದೇ ಗುಂಪು. ಪೇಪರ್‌ಗಳಲ್ಲಿ ಐದು ಪದರದ ಒಂದು ಚಿತ್ರ ಇರುತ್ತದೆ, ಕೊನೆಗೆ ನಾಲ್ಕು ಗ್ರಾಫ್ ಇರುತ್ತವೆ. ಕೋಡ್‌ನಲ್ಲಿ ಎಲ್ಲಿ ಕೈ ಹಾಕಬೇಕು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ: ಟವರ್ ಇಲ್ಲದ ಓಡಾಡುವ ಜಾಲದಲ್ಲಿ (ಮ್ಯಾನೆಟ್) ದಾರಿ ಹುಡುಕುವ ಎಒಡಿವಿ ಅನ್ನುವ ಪ್ರೋಟೋಕಾಲ್‌ಗೆ, ಡೇಟಾದಿಂದ ಕಲಿಯುವ ಫಜಿ ಲೆಕ್ಕವನ್ನು (ನ್ಯೂರೋ-ಫಜಿ) ಸೇರಿಸುವುದು ಹೇಗೆ ಅಂತ.

ಬೇಕಾಗುವುದು ಎನ್‌ಎಸ್-3 ಸಿಮ್ಯುಲೇಟರ್, ಸ್ವಲ್ಪ ಸಿ ಪ್ಲಸ್ ಪ್ಲಸ್, ಸ್ವಲ್ಪ ಪೈಥಾನ್. ಕಾಲೇಜಿನಲ್ಲಿ ಮ್ಯಾಟ್‌ಲ್ಯಾಬ್ ಇದ್ದರೆ ಅದರ ಫಜಿ ಟೂಲ್‌ಬಾಕ್ಸ್‌ನಲ್ಲಿ ಅನ್‌ಫಿಸ್ (ANFIS, ನಾವು ಬಳಸುವ ನ್ಯೂರೋ-ಫಜಿ ಜಾಲ) ರೆಡಿಯಾಗಿಯೇ ಇದೆ. ಇಲ್ಲದಿದ್ದರೂ ಚಿಂತೆ ಇಲ್ಲ, ಇಷ್ಟು ಸಣ್ಣ ಜಾಲವನ್ನು ಪೈಥಾನ್‌ನಲ್ಲಿ ನೂರು ಸಾಲಿನ ಒಳಗೆ ನೀವೇ ಬರೆದುಕೊಳ್ಳಬಹುದು.

ತೊಂದರೆ ಎಲ್ಲಿದೆ?

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಹಲವು ಊರುಗಳಿಗೆ ರಸ್ತೆಯೂ ಇರಲಿಲ್ಲ, ಫೋನ್ ಸಿಗ್ನಲ್ಲೂ ಇರಲಿಲ್ಲ. ಅಂಥ ಜಾಗದಲ್ಲಿ ರಕ್ಷಣಾ ತಂಡದವರ ಕೈಲಿರುವ ಸಾಧನಗಳೇ ಒಂದಕ್ಕೊಂದು ಮಾತಾಡಿಕೊಂಡು, ಒಬ್ಬರ ಸಂದೇಶವನ್ನು ಇನ್ನೊಬ್ಬರು ಮುಂದೆ ದಾಟಿಸಿದರೆ? ಅದೇ ಮ್ಯಾನೆಟ್. ಟವರ್ ಇಲ್ಲ, ರೂಟರ್ ಇಲ್ಲ, ಎಲ್ಲರೂ ರೂಟರೇ, ಅದರ ಮೇಲೆ ಎಲ್ಲರೂ ಓಡಾಡುತ್ತಲೇ ಇರುತ್ತಾರೆ.

ಇಲ್ಲಿ ದಾರಿ ಹುಡುಕುವ ಹಳೇ ಹುಲಿ ಎಒಡಿವಿ. 2003ರಲ್ಲಿ ಆರ್‌ಎಫ್‌ಸಿ 3561 ಅನ್ನುವ ಇಂಟರ್ನೆಟ್ ದಾಖಲೆಯಾಗಿ ಬಂತು. ಇದರ ಕೆಲಸ ಜಾತ್ರೆಯಲ್ಲಿ ಕಳೆದುಹೋದವರನ್ನು ಹುಡುಕಿದ ಹಾಗೆ. ಕಳಿಸುವವನು ರೂಟ್ ರಿಕ್ವೆಸ್ಟ್ ಅಂತ ಒಂದು ಕೂಗು ಹಾಕುತ್ತಾನೆ. ಕೇಳಿಸಿಕೊಂಡವರು ತಲಾ ಒಂದು ಸಲ ಅದನ್ನೇ ಕೂಗುತ್ತಾರೆ. ಕೂಗು ಯಾರನ್ನು ಹುಡುಕುತ್ತಿತ್ತೋ ಅವನನ್ನು ಮುಟ್ಟಿದ ಕೂಡಲೇ ಅವನು ಬಂದ ದಾರಿಯಲ್ಲೇ ಉತ್ತರ ಕಳಿಸುತ್ತಾನೆ. ಮೊದಲು ಬಂದ ಕೂಗಿಗೆ ಮರ್ಯಾದೆ. ಆಮೇಲೆ ಬಂದದ್ದು ಕಸದ ಬುಟ್ಟಿಗೆ.

ಮೊದಲು ಬರುವುದು ಸಾಮಾನ್ಯವಾಗಿ ಹಾಪ್ (ಒಂದು ಸಾಧನದಿಂದ ಇನ್ನೊಂದಕ್ಕೆ ಒಂದು ಜಿಗಿತ) ಕಡಿಮೆ ಇರುವ ದಾರಿ. ಕೇಳಲು ಚೆನ್ನಾಗಿದೆ. ಆದರೆ ಹಳ್ಳ ದಾಟುವಾಗ ದೂರ ದೂರದ ಕಲ್ಲಿಗೆ ಹಾರಿದರೆ ಹೆಜ್ಜೆ ಕಡಿಮೆಯಾಗುತ್ತದೆ, ಜಾರಿ ಬೀಳುವುದು ಜಾಸ್ತಿಯಾಗುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಹಾಪ್ ಕಡಿಮೆ ಅಂದರೆ ಒಂದೊಂದು ಹಾಪ್ ಉದ್ದ. ಉದ್ದ ಹಾಪ್ ಅಂದರೆ ಸಿಗ್ನಲ್ಲಿನ ಅಂಚಿನಲ್ಲಿ ನಿಂತ ನೋಡ್ (ಸಾಧನ). ಅದು ನಾಲ್ಕು ಹೆಜ್ಜೆ ಇಟ್ಟರೆ ಲಿಂಕ್ ಕಟ್, ಮತ್ತೆ ಊರೆಲ್ಲ ಕೂಗಾಟ. ನಮ್ಮ ಕೆಲಸ ಇಷ್ಟೇ: ಚಿಕ್ಕ ದಾರಿಯ ಬದಲು ಬಾಳಿಕೆ ಬರುವ ದಾರಿಯನ್ನು ಆರಿಸುವಂತೆ ಮಾಡುವುದು.

ಹೆಜ್ಜೆ 1: ಮೊದಲು ಬರೀ ಎಒಡಿವಿ ಓಡಿಸಿ

ಎನ್‌ಎಸ್-3 ಜೊತೆಯಲ್ಲೇ ಮ್ಯಾನೆಟ್ ರೂಟಿಂಗ್ ಹೋಲಿಕೆಯ ಒಂದು ಉದಾಹರಣೆ ಪ್ರೋಗ್ರಾಂ ಬರುತ್ತದೆ. 50 ನೋಡ್, 300 ಮೀಟರ್ ಅಗಲ, 1500 ಮೀಟರ್ ಉದ್ದದ ಜಾಗ, 10 ಜೋಡಿ ಕಳಿಸುವವರು-ಪಡೆಯುವವರು, 64 ಬೈಟ್‌ನ ಪ್ಯಾಕೆಟ್ ಸೆಕೆಂಡಿಗೆ 4, ಒಟ್ಟು 200 ಸೆಕೆಂಡ್. ಅದನ್ನೇ ಎತ್ತಿಕೊಳ್ಳಿ. ಸುಮ್ನೆ ಸೊನ್ನೆಯಿಂದ ಬರೆಯಲು ಹೋಗಬೇಡಿ.

ಆದರೆ ಎರಡು ಕಡೆ ಬದಲಾಯಿಸಿ. ಅದರಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರ್. ಅಂದರೆ ಗಂಟೆಗೆ 72 ಕಿಲೋಮೀಟರ್. ಗುಡ್ಡ ಹತ್ತುವ ರಕ್ಷಣಾ ತಂಡವಲ್ಲ ಅದು, ಹೈವೇ ಮೇಲಿನ ಬಸ್ಸು. ನಿಮ್ಮ ಕಥೆ ಯಾವುದೋ ಅದಕ್ಕೆ ತಕ್ಕ ವೇಗ ಹಾಕಿ, ಜೊತೆಗೆ ಬೇರೆ ಬೇರೆ ವೇಗದಲ್ಲೂ ಓಡಿಸಿ ನೋಡಿ.

ಇನ್ನೊಂದು ಹೆಚ್ಚು ಮುಖ್ಯ. ಅಲ್ಲಿ ಕನಿಷ್ಠ ವೇಗ ಸೊನ್ನೆ ಅಂತ ಇದೆ. ರ್‍ಯಾಂಡಮ್ ವೇಪಾಯಿಂಟ್ ಮಾದರಿಯಲ್ಲಿ ಪ್ರತಿ ನೋಡ್ ಒಂದು ಜಾಗ, ಒಂದು ವೇಗ ಆರಿಸಿಕೊಂಡು ಹೊರಡುತ್ತದೆ. ಯಾವುದೋ ನೋಡ್ ಸೆಕೆಂಡಿಗೆ 0.01 ಮೀಟರ್ ಅಂತ ಆರಿಸಿಕೊಂಡರೆ 500 ಮೀಟರ್ ಹೋಗಲು 50,000 ಸೆಕೆಂಡ್ ಬೇಕು. ಹತ್ತಿರ ಹತ್ತಿರ 14 ಗಂಟೆ! ನಿಮ್ಮ ಸಿಮ್ಯುಲೇಷನ್ ಮುಗಿಯುವವರೆಗೂ ಅದು ಅಲ್ಲೇ ತೆವಳುತ್ತಿರುತ್ತದೆ. ಹೊತ್ತು ಹೋದ ಹಾಗೆ ಇಂಥ ಆಮೆಗಳು ಜಾಸ್ತಿಯಾಗಿ ಇಡೀ ಜಾಲದ ಸರಾಸರಿ ವೇಗ ಇಳಿಯುತ್ತಾ ಹೋಗುತ್ತದೆ. 2003ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದವರು ಇದನ್ನು ತೋರಿಸಿದ್ದಾರೆ. ಕನಿಷ್ಠ ವೇಗ 1 ಅಂತ ಹಾಕಿ, ಮುಗೀತು.

ಹೆಜ್ಜೆ 2: ಏನನ್ನು ಅಳೆಯಬೇಕು ಅಂತ ತೀರ್ಮಾನಿಸಿ

ಎಲ್ಲರೂ ಮಾಡುವ ತಪ್ಪು ಇಲ್ಲಿ. ಬ್ಯಾಟರಿ, ವೇಗ, ದೂರ, ಕ್ಯೂ (ಕಳಿಸಲು ಕಾದಿರುವ ಪ್ಯಾಕೆಟ್‌ಗಳ ಸಾಲು), ನೆರೆಯವರ ಸಂಖ್ಯೆ, ಎಲ್ಲ ಇರಲಿ ಅಂತ ತುರುಕುತ್ತಾರೆ. ಲೆಕ್ಕ ಹಾಕಿ ನೋಡಿ. ಪ್ರತಿ ಇನ್‌ಪುಟ್‌ಗೆ ಕಡಿಮೆ, ಸಾಧಾರಣ, ಜಾಸ್ತಿ ಅಂತ ಮೂರು ಮಟ್ಟ ಇಟ್ಟರೆ, ಮೂರು ಇನ್‌ಪುಟ್‌ಗೆ 27 ನಿಯಮ (ಇದು ಹೀಗಿದ್ದರೆ ಅಂಕ ಇಷ್ಟು ಅನ್ನುವ ಸಾಲು), ನಾಲ್ಕಕ್ಕೆ 81, ಐದಕ್ಕೆ 243. ಅಷ್ಟು ನಿಯಮಕ್ಕೆ ಕಲಿಸುವಷ್ಟು ಡೇಟಾ ಎಲ್ಲಿಂದ ತರುತ್ತೀರಿ? ತಂದರೂ, ವೈವಾದಲ್ಲಿ 173ನೇ ನಿಯಮ ಏನು ಹೇಳುತ್ತದೆ ಅಂತ ಕೇಳಿದರೆ ಏನು ಹೇಳುತ್ತೀರಿ?

ಎರಡು ಅಥವಾ ಮೂರು ಸಾಕು. ಅದರಲ್ಲಿ ಬಿಡಲೇಬಾರದ್ದು ಲಿಂಕ್ ಇನ್ನೆಷ್ಟು ಹೊತ್ತು ಬಾಳುತ್ತದೆ ಅನ್ನುವ ಅಂದಾಜು. ಜಿಪಿಎಸ್ ಬೇಕಿಲ್ಲ. ಎಒಡಿವಿ ಸೆಕೆಂಡಿಗೊಂದು ಹಲೋ ಕಳಿಸುತ್ತದೆ, ಅದರ ಸಿಗ್ನಲ್ ನೋಡಿ ಸಾಕು. ಒಂದು ಸೆಕೆಂಡಿನ ಹಿಂದೆ ಮೈನಸ್ 76 ಡಿಬಿಎಂ (ಸಿಗ್ನಲ್ ಬಲದ ಅಳತೆ) ಇತ್ತು, ಈಗ ಮೈನಸ್ 78. ಸೆಕೆಂಡಿಗೆ 2 ಡಿಬಿ ಇಳಿಯುತ್ತಿದೆ. ಮೈನಸ್ 86ರ ಕೆಳಗೆ ನಿಮ್ಮ ರೇಡಿಯೋಗೆ ಕೇಳಿಸುವುದಿಲ್ಲ ಅಂತಿಟ್ಟುಕೊಂಡರೆ ಉಳಿದದ್ದು 8 ಡಿಬಿ, ಅಂದರೆ 4 ಸೆಕೆಂಡ್. ಒರಟು ಲೆಕ್ಕ, ಒಪ್ಪುತ್ತೇನೆ. ಒರಟು ಲೆಕ್ಕವನ್ನು ಸಹಿಸಿಕೊಳ್ಳಲಿ ಅಂತಲೇ ಅಲ್ಲವೇ ಫಜಿ ಇರುವುದು. ಸಿಗ್ನಲ್ ಗಟ್ಟಿಯಾಗುತ್ತಿದ್ದರೆ ಅಥವಾ ಹಾಗೇ ನಿಂತಿದ್ದರೆ 10 ಸೆಕೆಂಡ್ ಅಂತ ಗರಿಷ್ಠ ಮಿತಿ ಹಾಕಿ. ಒಂದೇ ಅಳತೆಯನ್ನು ನಂಬದೆ ಕೊನೆಯ ಮೂರ್ನಾಲ್ಕು ಹಲೋಗಳ ಸರಾಸರಿ ತೆಗೆದುಕೊಳ್ಳಿ.

ಎನ್‌ಎಸ್-3ರಲ್ಲಿ ಈ ಸಿಗ್ನಲ್ ಬೆಲೆ ಎಒಡಿವಿ ಕೈಗೆ ತಾನಾಗಿ ಸಿಗುವುದಿಲ್ಲ. ಅದು ಕೆಳಗಿನ ವೈಫೈ ಪದರದ ಗುಟ್ಟು. ವೈಫೈ ಫಿಸಿಕಲ್ ಲೇಯರಿನ ಮಾನಿಟರ್ ಸ್ನಿಫರ್ ಟ್ರೇಸ್‌ಗೆ ಕೊಕ್ಕೆ ಹಾಕಿ, ಯಾವ ನೆರೆಯವನಿಂದ ಎಷ್ಟು ಬಂತು ಅಂತ ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಂಡು, ಅದನ್ನು ಎಒಡಿವಿ ಓದುವ ಹಾಗೆ ಮಾಡಬೇಕು. ಇಡೀ ಪ್ರಾಜೆಕ್ಟ್‌ನಲ್ಲಿ ಜಾಸ್ತಿ ಬೆವರು ಹರಿಯುವುದು ಇಲ್ಲೇ.

ಒಂದು ಎಚ್ಚರಿಕೆ. ಹಲೋ ಬ್ರಾಡ್‌ಕಾಸ್ಟ್ ಆಗಿ, ಸಾಮಾನ್ಯವಾಗಿ ಕಡಿಮೆ ಸ್ಪೀಡಿನಲ್ಲಿ ಹೋಗುತ್ತದೆ, ಹಾಗಾಗಿ ದೂರ ಮುಟ್ಟುತ್ತದೆ. ಡೇಟಾ ಹೆಚ್ಚು ಸ್ಪೀಡಿನಲ್ಲಿ ಹೋಗುತ್ತದೆ, ಅಷ್ಟು ದೂರ ಮುಟ್ಟುವುದಿಲ್ಲ. ಹಲೋ ಕೇಳುತ್ತದೆ, ಡೇಟಾ ದಾಟುವುದಿಲ್ಲ ಅನ್ನುವ ಒಂದು ಬೂದು ವಲಯ ಹುಟ್ಟುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2002ರಲ್ಲೇ ನಿಜವಾದ ಯಂತ್ರಗಳಲ್ಲಿ ಇದನ್ನು ಕಂಡರು. ನಿಮ್ಮ ಸಿಮ್ಯುಲೇಷನ್‌ನಲ್ಲಿ ಬ್ರಾಡ್‌ಕಾಸ್ಟ್ ಮತ್ತು ಡೇಟಾ ಎರಡರ ಸ್ಪೀಡೂ ಏನಿದೆ ಅಂತ ನೋಡಿಕೊಂಡೇ ಆ ಮೈನಸ್ 86ರ ಗೆರೆ ಎಳೆಯಿರಿ.

ಹೆಜ್ಜೆ 3: ಕೈಯಲ್ಲೇ ಒಂದು ಫಜಿ ಲೆಕ್ಕ ಮಾಡಿ

ಸ್ನಾನದ ನೀರು ಉಗುರುಬೆಚ್ಚಗಿದೆ ಅಂತ ಹೇಳುವಾಗ ಎಷ್ಟು ಡಿಗ್ರಿ ಅಂತ ಯಾರೂ ಕೇಳುವುದಿಲ್ಲ. ತಣ್ಣಗೂ ಹೌದು ಸ್ವಲ್ಪ, ಬಿಸಿಯೂ ಹೌದು ಸ್ವಲ್ಪ. ಈ ಸ್ವಲ್ಪಕ್ಕೆ ಒಂದು ಸಂಖ್ಯೆ ಕೊಡುವುದೇ ಫಜಿ. ಲೋತ್ಫಿ ಝಾದೆ 1965ರಲ್ಲಿ ಹೇಳಿದ್ದು ಇದನ್ನೇ.

ಒಂದು ನೋಡ್ ನೋಡೋಣ. ಬ್ಯಾಟರಿ 30 ಪರ್ಸೆಂಟ್, ಲಿಂಕ್ ಬಾಳಿಕೆ ಆಗಲೇ ಲೆಕ್ಕ ಹಾಕಿದ 4 ಸೆಕೆಂಡ್. ಬ್ಯಾಟರಿ 20ರವರೆಗೆ ಪೂರ್ತಿ "ಕಡಿಮೆ", ಅಲ್ಲಿಂದ ಇಳಿಯುತ್ತಾ 60ಕ್ಕೆ ಪೂರ್ತಿ "ಚೆನ್ನಾಗಿದೆ" ಅಂತಿಟ್ಟರೆ, 30 ಅನ್ನುವುದು 0.75 ಭಾಗ ಕಡಿಮೆ, 0.25 ಭಾಗ ಚೆನ್ನಾಗಿದೆ. ಲಿಂಕ್ 2 ಸೆಕೆಂಡ್‌ವರೆಗೆ ಪೂರ್ತಿ "ಗಿಡ್ಡ", 7ಕ್ಕೆ ಪೂರ್ತಿ "ಉದ್ದ" ಅಂತಿಟ್ಟರೆ, 4 ಅನ್ನುವುದು 0.6 ಗಿಡ್ಡ, 0.4 ಉದ್ದ. ಈಗ ನಾಲ್ಕು ನಿಯಮ. ಬ್ಯಾಟರಿ ಕಡಿಮೆ, ಲಿಂಕ್ ಗಿಡ್ಡ ಆದರೆ ಅಂಕ 0.1. ಬ್ಯಾಟರಿ ಕಡಿಮೆ, ಲಿಂಕ್ ಉದ್ದ ಆದರೆ 0.5. ಬ್ಯಾಟರಿ ಚೆನ್ನಾಗಿದ್ದು ಲಿಂಕ್ ಗಿಡ್ಡ ಆದರೆ 0.3. ಎರಡೂ ಚೆನ್ನಾಗಿದ್ದರೆ 0.95.

ಪ್ರತಿ ನಿಯಮದ ತೂಕ ಅಂದರೆ ಅದರ ಎರಡು ಭಾಗಗಳ ಗುಣಾಕಾರ. ಕ್ರಮವಾಗಿ 0.45, 0.30, 0.15, 0.10. ತೂಕವನ್ನು ಅಂಕಕ್ಕೆ ಗುಣಿಸಿ ಕೂಡಿದರೆ 0.045, 0.15, 0.045, 0.095 ಸೇರಿ 0.335. (ಇಲ್ಲಿ ತೂಕಗಳ ಮೊತ್ತ 1; ಹಾಗಿಲ್ಲದಿದ್ದರೆ ಆ ಮೊತ್ತದಿಂದ ಭಾಗಿಸಬೇಕು.) ಈ ನೋಡ್ ಮೇಲೆ ನಮಗಿರುವ ಭರವಸೆ ಇಷ್ಟು. ಇದನ್ನು ಸುಗೆನೋ ಮಾದರಿ ಅನ್ನುತ್ತಾರೆ. ಪೇಪರ್ ಪೆನ್ ಹಿಡಿದು ಒಂದು ಸಲ ನೀವೇ ಮಾಡಿ, ಆಮೇಲೆ ಐದು ಪದರದ ಆ ಚಿತ್ರ ನೋಡಿ. ಹೆದರಿಕೆ ಹೋಗಿರುತ್ತದೆ. ಅಲ್ಲಿರುವುದೂ ಇದೇ ಲೆಕ್ಕ.

ಹಾಗಾದರೆ ನ್ಯೂರೋ ಯಾಕೆ? ಆ 20, 60, 2, 7, 0.1, 0.95 ಎಲ್ಲ ನಾನು ಬಾಯಿಗೆ ಬಂದ ಹಾಗೆ ಹೇಳಿದ್ದು. ಅವನ್ನು ಡೇಟಾ ನೋಡಿ ತಿದ್ದುವುದೇ ನ್ಯೂರೋ ಭಾಗದ ಕೆಲಸ.

ಹೆಜ್ಜೆ 4: ಡೇಟಾ, ಮತ್ತು ಅದಕ್ಕೊಂದು ಪ್ರಶ್ನೆ

ಬರೀ ಎಒಡಿವಿಯನ್ನು ಬೇರೆ ಬೇರೆ ಸೀಡ್ (ಸಿಮ್ಯುಲೇಟರ್‌ನ ಯಾದೃಚ್ಛಿಕ ಸಂಖ್ಯೆಗಳನ್ನು ಶುರು ಮಾಡುವ ಸಂಖ್ಯೆ) ಕೊಟ್ಟು ಹತ್ತಿಪ್ಪತ್ತು ಸಲ ಓಡಿಸಿ. ಪ್ರತಿ ಸೆಕೆಂಡಿಗೆ, ಪ್ರತಿ ನೆರೆ ಜೋಡಿಗೆ ಒಂದು ಸಾಲು ಬರೆಯಿರಿ: ಸಿಗ್ನಲ್ ಎಷ್ಟು, ಬಾಳಿಕೆಯ ಅಂದಾಜು ಎಷ್ಟು, ಕ್ಯೂ ಎಷ್ಟು ತುಂಬಿದೆ. ಕೊನೆಯ ಕಾಲಂನಲ್ಲಿ ಉತ್ತರ: 5 ಸೆಕೆಂಡ್ ಆದ ಮೇಲೆ ಆ ಲಿಂಕ್ ಇನ್ನೂ ಬದುಕಿತ್ತೇ? ಬದುಕಿದ್ದರೆ 1, ಇಲ್ಲದಿದ್ದರೆ 0. ಎರಡೂ ದಿಕ್ಕಿನಲ್ಲಿ ಕೇಳಿಸಿದರೆ ಮಾತ್ರ ಬದುಕಿತ್ತು ಅಂತ ಲೆಕ್ಕ.

ಟ್ರೈನಿಂಗ್‌ಗೆ ಒಂದಷ್ಟು, ಟೆಸ್ಟ್‌ಗೆ ಒಂದಷ್ಟು ಅಂತ ಹಂಚುವಾಗ ಸಾಲುಗಳನ್ನು ಕಲಸಿ ಹಂಚಬೇಡಿ. ಒಂದೇ ಓಟದ 41ನೇ ಸೆಕೆಂಡ್ ಟ್ರೈನಿಂಗ್‌ನಲ್ಲಿ, 42ನೇ ಸೆಕೆಂಡ್ ಟೆಸ್ಟ್‌ನಲ್ಲಿ ಬಂದರೆ ಅದು ಪ್ರಶ್ನೆಪತ್ರಿಕೆ ಲೀಕ್ ಆದ ಹಾಗೆ. ಇಡೀ ಇಡೀ ಓಟಗಳನ್ನೇ ಬೇರೆ ಮಾಡಿ. ಮೊದಲ ಸಲ ನಾನು ಕಲಸಿಯೇ ಹಂಚಿದ್ದೆ. ಎರರ್ ನೋಡಿ ಖುಷಿಯೋ ಖುಷಿ, ಹೊಸ ಸೀಡ್ ಕೊಟ್ಟ ಕೂಡಲೇ ಖುಷಿ ಇಳಿಯಿತು.

ಹೆಜ್ಜೆ 5: ಕಲಿಸುವುದು

ಅನ್‌ಫಿಸ್ ಅನ್ನು ಜಾಂಗ್ 1993ರಲ್ಲಿ ಬರೆದರು. ಜಾಣತನ ಇರುವುದು ಕಲಿಸುವ ರೀತಿಯಲ್ಲಿ. ಗೆರೆಗಳು, ಅಂದರೆ ಆ 20, 60, 2, 7, ಅಲ್ಲಾಡದೆ ನಿಂತಿದ್ದರೆ, ನಿಯಮದ ಅಂಕಗಳನ್ನು ಲೀಸ್ಟ್ ಸ್ಕ್ವೇರ್ಸ್‌ನಿಂದ ಒಂದೇ ಏಟಿಗೆ ಕಂಡುಹಿಡಿಯಬಹುದು, ಯಾಕೆಂದರೆ ಅಂಕಗಳ ಮಟ್ಟಿಗೆ ಆ ಲೆಕ್ಕ ಲೀನಿಯರ್. ಆಮೇಲೆ ಅಂಕಗಳನ್ನು ಹಿಡಿದಿಟ್ಟು, ಉಳಿದ ತಪ್ಪನ್ನು ಹಿಂದಕ್ಕೆ ಕಳಿಸಿ, ಗ್ರೇಡಿಯೆಂಟ್‌ನಿಂದ ಗೆರೆಗಳನ್ನು ಅಷ್ಟಷ್ಟೇ ಸರಿಸುವುದು. ಮತ್ತೆ ಅಂಕ, ಮತ್ತೆ ಗೆರೆ. ಹೆಜ್ಜೆ 3ರ ನೇರ ಇಳಿಜಾರಿನ ಬದಲು ಗಂಟೆಯಂಥ ಗಾಸಿಯನ್ ಆಕಾರ ಬಳಸಿ, ಗೆರೆ ಸರಿಸಲು ಸುಲಭ. ಟೆಸ್ಟ್ ಎರರ್ ಏರಲು ಶುರುವಾದ ಕೂಡಲೇ ನಿಲ್ಲಿಸಿ.

ಈಗ ನನ್ನ ಪೆದ್ದುತನದ ಕಥೆ. ನಾನು ಮೊದಲು ಕೊಟ್ಟಿದ್ದು ಬ್ಯಾಟರಿ, ಲಿಂಕ್ ಬಾಳಿಕೆ, ಕ್ಯೂ ಅಂತ ಮೂರು ಇನ್‌ಪುಟ್. ಟ್ರೈನಿಂಗ್ ಮುಗಿದ ಮೇಲೆ ನೋಡಿದರೆ ಬ್ಯಾಟರಿ ಕಡಿಮೆ ಇರಲಿ, ಚೆನ್ನಾಗಿರಲಿ, ನಿಯಮಗಳ ಅಂಕ ಹೆಚ್ಚುಕಡಿಮೆ ಒಂದೇ! ಎರಡು ರಾತ್ರಿ ಬಗ್ ಹುಡುಕಿದೆ. ಕಾಲಂ ಅದಲುಬದಲಾಗಿದೆಯೇ, ಸ್ಕೇಲಿಂಗ್ ತಪ್ಪಿದೆಯೇ, ಬ್ಯಾಟರಿ ಮಾಡೆಲ್ಲೇ ಓಡುತ್ತಿಲ್ಲವೇ ಅಂತ. ಬಗ್ ಇರಲೇ ಇಲ್ಲ. ನಾನು ಕೇಳಿದ್ದು ಲಿಂಕ್ 5 ಸೆಕೆಂಡ್ ಬಾಳುತ್ತದೆಯೇ ಅಂತ. 30 ಪರ್ಸೆಂಟ್ ಚಾರ್ಜ್ ಇರುವ ರೇಡಿಯೋ 5 ಸೆಕೆಂಡಿನಲ್ಲಿ ಯಾಕೆ ಸಾಯುತ್ತದೆ? ಬ್ಯಾಟರಿಗೂ ಈ ಪ್ರಶ್ನೆಗೂ ಸಂಬಂಧವಿಲ್ಲ ಅಂತ ಅದು ಸರಿಯಾಗಿಯೇ ಕಲಿತಿತ್ತು. ಬ್ಯಾಟರಿಯನ್ನು ಉಳಿಸಬೇಕು ಅನ್ನುವುದು ನನ್ನ ಆಸೆ, ಡೇಟಾದಲ್ಲಿ ಆ ಆಸೆ ಎಲ್ಲಿಯೂ ಇರಲಿಲ್ಲ.

ಅದಕ್ಕೇ ಈಗ ನಾನು ಬ್ಯಾಟರಿಯನ್ನು ಒಳಗೆ ಹಾಕುವುದೇ ಇಲ್ಲ. ಸಿಗ್ನಲ್, ಬಾಳಿಕೆ, ಕ್ಯೂ ಈ ಮೂರಕ್ಕೆ ಎರಡೆರಡು ಮಟ್ಟ ಅಂದರೆ 8 ನಿಯಮ. ಆರು ಗಾಸಿಯನ್‌ಗೆ ತಲಾ 2ರಂತೆ 12 ಸಂಖ್ಯೆ, ನಿಯಮಗಳಿಗೆ ಸ್ಥಿರ ಅಂಕದ ಬದಲು ಮೊದಲ ದರ್ಜೆಯ ಸುಗೆನೋ (ಅಂಕ ಅಂದರೆ ಮೂರು ಇನ್‌ಪುಟ್‌ಗಳ ಒಂದು ಲೀನಿಯರ್ ಸೂತ್ರ, ತಲಾ 4 ಸಂಖ್ಯೆ) ಇಟ್ಟರೆ 32 ಸಂಖ್ಯೆ, ಒಟ್ಟು 44. ಬ್ಯಾಟರಿ ಹೊರಗಿನಿಂದ ಗುಣಿಸುತ್ತೇನೆ: 30 ಪರ್ಸೆಂಟ್‌ಗಿಂತ ಮೇಲಿದ್ದರೆ 1, ಅಲ್ಲಿಂದ ಇಳಿಯುತ್ತಾ 5 ಪರ್ಸೆಂಟ್‌ಗೆ 0.3. ಇದು ನನ್ನ ಆಯ್ಕೆ ಅಂತ ರಿಪೋರ್ಟ್‌ನಲ್ಲಿ ನೇರವಾಗಿ ಬರೆದುಬಿಡಿ.

ಕಲಿತ ಮೇಲೆ ಗಾಸಿಯನ್‌ಗಳ ಚಿತ್ರ ಬಿಡಿಸಿ ನೋಡಲು ಮರೆಯಬೇಡಿ. ಕೆಲವು ಸಲ "ಗಿಡ್ಡ" ಹೋಗಿ "ಉದ್ದ"ದ ಆಚೆ ಕೂತಿರುತ್ತದೆ. ಎರರ್ ಕಡಿಮೆಯೇ ಇರಬಹುದು, ಆದರೆ ನಿಯಮಕ್ಕೆ ಅರ್ಥ ಉಳಿದಿರುವುದಿಲ್ಲ. ಅರ್ಥ ಬೇಡವಾಗಿದ್ದರೆ ಮಾಮೂಲಿ ನ್ಯೂರಲ್ ನೆಟ್‌ವರ್ಕೇ ಸಾಕಿತ್ತಲ್ಲ. ಗೆರೆ ಸರಿಯುವುದಕ್ಕೆ ಒಂದು ಮಿತಿ ಹಾಕಿ ಮತ್ತೆ ಕಲಿಸಿ.

ಹೆಜ್ಜೆ 6: ಎಒಡಿವಿ ಒಳಗೆ ಕೂರಿಸುವುದು

ನೋಡ್‌ಗಳ ಮೇಲೆ ಟ್ರೈನಿಂಗ್ ನಡೆಸುವ ಹುಚ್ಚು ಬೇಡ. ಕಲಿತ 44 ಸಂಖ್ಯೆಗಳನ್ನು ಕೋಡ್‌ನಲ್ಲಿ ಒಂದು ಅರೇ ಮಾಡಿ ಹಾಕಿ. ನೋಡ್ ಮಾಡಬೇಕಾದ್ದು ಬರೀ ಆರು ಗಾಸಿಯನ್ ಬೆಲೆ, ಸ್ವಲ್ಪ ಗುಣಾಕಾರ, ಕೂಡಿಸುವುದು, ಒಂದು ಭಾಗಾಕಾರ.

ಲಿಂಕ್ ಬದುಕುವ ಸಾಧ್ಯತೆಯನ್ನೇ ಅಂಕವಾಗಿ ಇಟ್ಟಿರುವುದರಿಂದ ದಾರಿಯ ಅಂಕ ಅಂದರೆ ಎಲ್ಲ ಹಾಪ್‌ಗಳ ಗುಣಾಕಾರ. ಮೂರು ಹಾಪ್‌ನ ದಾರಿ, ಅಂಕ 0.9, 0.4, 0.9. ಗುಣಿಸಿದರೆ 0.324. ಐದು ಹಾಪ್‌ನ ಇನ್ನೊಂದು ದಾರಿ, ಎಲ್ಲವೂ 0.85. ಗುಣಿಸಿದರೆ 0.444. ಉದ್ದ ದಾರಿಯೇ ಗೆದ್ದಿತು. ಹಳ್ಳದ ಸಣ್ಣ ಸಣ್ಣ ಕಲ್ಲುಗಳು.

ಈ ಅಂಕ ರೂಟ್ ರಿಕ್ವೆಸ್ಟ್ ಜೊತೆ ಪ್ರಯಾಣ ಮಾಡಬೇಕು. ರಿಕ್ವೆಸ್ಟ್ ಹೆಡರ್ 24 ಬೈಟ್, ಅದರಲ್ಲಿ 11 ಬಿಟ್ ರಿಸರ್ವ್ಡ್ ಅಂತ ಸುಮ್ನೆ ಬಿದ್ದಿವೆ. ಎನ್‌ಎಸ್-3ರಲ್ಲಿ ಇದಕ್ಕೆ ಸರಿಯಾಗಿ ಒಂದು ಬೈಟ್‌ನ ಜಾಗ ಇದೆ. ಅಂಕವನ್ನು 255ರಿಂದ ಗುಣಿಸಿ ಅಲ್ಲಿ ತುಂಬಿ. 0.444 ಅಂದರೆ 113. ಪ್ಯಾಕೆಟ್ ಒಂದು ಬೈಟೂ ಉದ್ದವಾಗುವುದಿಲ್ಲ.

ಆಮೇಲೆ ರಿಕ್ವೆಸ್ಟ್ ಸ್ವೀಕರಿಸುವ ಫಂಕ್ಷನ್‌ಗೆ ಬನ್ನಿ. ನಡುವಿನ ನೋಡ್ ತನ್ನ ಅಂಕ ಗುಣಿಸಿ, ಮುಂದಕ್ಕೆ ಕೂಗುವ ಮೊದಲು ಸ್ವಲ್ಪ ಕಾಯಲಿ. ಎಷ್ಟು? 1ರಿಂದ ತನ್ನ ಅಂಕ ಕಳೆದು 30 ಮಿಲಿಸೆಕೆಂಡಿಗೆ ಗುಣಿಸಿದಷ್ಟು. ನಮ್ಮ 0.335ರ ನೋಡ್ 20 ಮಿಲಿಸೆಕೆಂಡ್ ಕಾಯುತ್ತದೆ, 0.9ರ ನೋಡ್ ಬರೀ 3. ಭರವಸೆ ಇಲ್ಲದವನು ತಡವಾಗಿ ಕೂಗುವುದರಿಂದ ಒಳ್ಳೆಯ ದಾರಿಯ ಕೂಗು ಬಹಳ ಸಲ ಮುಂಚೆ ಮುಟ್ಟುತ್ತದೆ. ಪ್ರತಿ ನೋಡ್‌ಗೂ ಒಂದೇ ಸಲ ಕೂಗುವ ಹಕ್ಕು, ಹಾಗಾಗಿ ಬ್ರಾಡ್‌ಕಾಸ್ಟ್ ಬಿರುಗಾಳಿಯ ಭಯ ಇಲ್ಲ. 30 ಅನ್ನು ಜಾಸ್ತಿ ಮಾಡಬೇಡಿ, ಎಒಡಿವಿ ಒಂದು ಹಾಪ್‌ಗೆ ಅಂದಾಜು ಮಾಡಿಟ್ಟಿರುವುದೇ 40.

ಕೊನೆಯ ನೋಡ್ ಮಾತ್ರ ಮೊದಲ ಕೂಗಿಗೇ ಉತ್ತರಿಸದೆ 50 ಮಿಲಿಸೆಕೆಂಡ್ ಕಾದು, ಬಂದ ಪ್ರತಿಗಳಲ್ಲಿ ಅಂಕ ಜಾಸ್ತಿ ಇರುವುದನ್ನು ಆರಿಸಲಿ. ಡೂಪ್ಲಿಕೇಟ್ ಪರೀಕ್ಷೆ ಆ ಫಂಕ್ಷನ್‌ನ ಶುರುವಿನಲ್ಲೇ ಇದೆ, ಎರಡನೇ ಪ್ರತಿಯನ್ನು ಅಲ್ಲೇ ನುಂಗಿಹಾಕುತ್ತದೆ. ಕೊನೆಯ ನೋಡ್‌ಗೆ ಅದರಿಂದ ವಿನಾಯಿತಿ ಕೊಡಿ. ಹಿಂದಿರುಗುವ ದಾರಿಯನ್ನೂ ಗೆದ್ದ ಪ್ರತಿ ತಂದ ನೆರೆಯವನ ಕಡೆಗೆ ತಿರುಗಿಸಿ. ಇದನ್ನು ಮರೆತರೆ ಆರಿಸಿದ್ದು ಒಂದು ದಾರಿ, ಉತ್ತರ ಹೋಗಿದ್ದು ಇನ್ನೊಂದು ದಾರಿ! ನಡುವಿನವರು ತಮ್ಮ ಹಳೇ ನೆನಪಿನಿಂದ ಉತ್ತರ ಕೊಡದ ಹಾಗೆ ಡೆಸ್ಟಿನೇಷನ್ ಓನ್ಲಿ ಆಯ್ಕೆಯನ್ನು ಆನ್ ಮಾಡಿ.

ಇನ್ನೊಂದು ಸೂಕ್ಷ್ಮ. ಎಒಡಿವಿಯಲ್ಲಿ ದಾರಿ ಸುತ್ತಿ ಸುತ್ತಿ ಅಲ್ಲೇ ಬರದ ಹಾಗೆ ಕಾಯುವುದು ಸೀಕ್ವೆನ್ಸ್ ನಂಬರ್ (ದಾರಿಯ ಮಾಹಿತಿ ಎಷ್ಟು ಹೊಸದು ಅಂತ ಹೇಳುವ ಸಂಖ್ಯೆ) ಮತ್ತು ಹಾಪ್‌ಗೆ ಹಾಪ್ ಏರುವ ಎಣಿಕೆ. ಹಾಪ್ ಎಣಿಕೆಯ ಬದಲು ಅಂಕ ತಂದರೆ ಅದು ಪ್ರತಿ ಹಾಪ್‌ಗೂ ಖಂಡಿತ ಇಳಿಯಲೇಬೇಕು. ಹಾಗಾಗಿ ಒಂದು ನೋಡ್‌ನ ಅಂಕ 0.99ಕ್ಕಿಂತ ಮೇಲೆ ಹೋಗದ ಹಾಗೆ ಕತ್ತರಿಸಿ, 255ಕ್ಕೆ ಗುಣಿಸಿದ ಮೇಲೆ ಕೆಳಕ್ಕೇ ರೌಂಡ್ ಮಾಡಿ. ಕೆಳಗಡೆಯೂ 0.01ಕ್ಕೆ ಕತ್ತರಿಸಿ, ಯಾಕೆಂದರೆ ಲೀಸ್ಟ್ ಸ್ಕ್ವೇರ್ಸ್‌ಗೆ ಸಾಧ್ಯತೆ ಅಂದರೆ ಏನು ಅಂತ ಗೊತ್ತಿಲ್ಲ, 1.2 ಅಂತಲೂ ಕೊಡುತ್ತದೆ. ಸೀಕ್ವೆನ್ಸ್ ನಂಬರ್ ಹೊಸದಾಗದೆ ಟೇಬಲ್‌ನಲ್ಲಿರುವ ದಾರಿಯ ಅಂಕ ಬದಲಾಯಿಸಲೇಬೇಡಿ.

ಹೆಜ್ಜೆ 7: ಹೋಲಿಸಿ ನೋಡುವುದು

ಕನಿಷ್ಠ 10 ಹೊಸ ಸೀಡ್, ಟ್ರೈನಿಂಗ್‌ನಲ್ಲಿ ಬಳಸದವು. ಎಷ್ಟು ಪ್ಯಾಕೆಟ್ ಮುಟ್ಟಿತು, ಎಷ್ಟು ತಡವಾಯಿತು, ಒಂದು ಪ್ಯಾಕೆಟ್ ಮುಟ್ಟಿಸಲು ಎಷ್ಟು ಕಂಟ್ರೋಲ್ ಪ್ಯಾಕೆಟ್ ಖರ್ಚಾಯಿತು, ಈ ಮೂರೂ ಬೇಕು. ಎಣಿಸಲು ಎನ್‌ಎಸ್-3ರ ಫ್ಲೋ ಮಾನಿಟರ್ ಬಳಸುವುದಾದರೆ ಯುಡಿಪಿ ಪೋರ್ಟ್ 654ರ ಫ್ಲೋಗಳನ್ನು ಬೇರೆ ಇಡಿ. ಅವು ಎಒಡಿವಿಯ ಸ್ವಂತ ಪ್ಯಾಕೆಟ್‌ಗಳು. ಡೇಟಾದ ಲೆಕ್ಕದೊಳಗೆ ಸೇರಿಕೊಂಡರೆ ಎಲ್ಲ ಸಂಖ್ಯೆಯೂ ಸುಳ್ಳು.

ಹೋಲಿಕೆಯನ್ನು ಬರೀ ಎಒಡಿವಿ ಜೊತೆ ಮಾಡಿ ಕೈ ತೊಳೆದುಕೊಳ್ಳಬೇಡಿ. ಇನ್ನೆರಡು ಸ್ಪರ್ಧಿಗಳು ಇರಲಿ: ಹೆಜ್ಜೆ 3ರ ಹಾಗೆ ಕೈಯಲ್ಲಿ ಗೆರೆ ಎಳೆದ ಫಜಿ ಒಂದು, ಅದೇ ಡೇಟಾದಿಂದ ಕಲಿತ ಸರಳ ಲಾಜಿಸ್ಟಿಕ್ ರಿಗ್ರೆಷನ್ ಇನ್ನೊಂದು. ಲಾಜಿಸ್ಟಿಕ್ಕೇ ಅಷ್ಟು ಕೆಲಸ ಮಾಡಿದರೆ ಹಾಗಂತಲೇ ಬರೆಯಿರಿ. ಗೈಡ್ ಸ್ವಲ್ಪ ಮುಖ ಸಿಂಡರಿಸಬಹುದು, ಆದರೆ ವೈವಾದಲ್ಲಿ ನಿಮ್ಮನ್ನು ಯಾರೂ ಅಲ್ಲಾಡಿಸಲಾರರು.

ಎಲ್ಲ ಸರಿ ಮಾಡಿಯೂ ವ್ಯತ್ಯಾಸವೇ ಕಾಣದಿದ್ದರೆ, ಫಜಿಯನ್ನು ತಿದ್ದಲು ಓಡಬೇಡಿ. ಮೊದಲು ಕೊನೆಯ ನೋಡ್‌ನಲ್ಲಿ ಆ 50 ಮಿಲಿಸೆಕೆಂಡಿನಲ್ಲಿ ಎಷ್ಟು ಪ್ರತಿ ಬರುತ್ತಿವೆ ಅಂತ ಎಣಿಸಿ ಪ್ರಿಂಟ್ ಮಾಡಿ. ಬಹಳ ಸಲ ಒಂದೇ ಒಂದು ಬರುತ್ತಿದೆ ಅಂದರೆ ಅಲ್ಲಿ ಆರಿಸುವುದಕ್ಕೆ ಎರಡನೇ ದಾರಿಯೇ ಇಲ್ಲ. ನೋಡ್ ಸಂಖ್ಯೆ ಹೆಚ್ಚಿಸಿ ಅಥವಾ ಜಾಗ ಕಿರಿದು ಮಾಡಿ, ಹೆಜ್ಜೆ 1ರಿಂದ ಇನ್ನೊಮ್ಮೆ ಓಡಿಸಿ.